ಬೇಡಾದ ಸಾಮಾನಿನ ಮುಂದಿನ ಮನೆ

ಮಹಾನವಮಿಗೆ ಇನ್ನು ಒಂದೆರಡು ವಾರಗಳಿವೆಯೆನ್ನುವಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮನೆಮನೆಯ ಒಡಲೂ ಅಂಗಳಕ್ಕೆ ಬರುವುದು ರೂಢಿ. ಹಾಸಿಗೆ ಹೊದಿಕೆಗಳು ಹಿಂದೆ ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಹಳ್ಳಕ್ಕೋ ಕೆರೆಗೋ ಹೋಗಿ ಒಗೆಸಿಕೊಂಡು ಬರುವುವು. ಗೋಡೆಗಳು ಸುಣ್ಣ ಬಳಿಸಿಕೊಳ್ಳುವುವು. ವರ್ಷವಿಡೀ ಅಟ್ಟದ ಮೇಲೆ ಅಜ್ಞಾತವಾಸದಲ್ಲಿದ್ದ ಸಾಮಾನುಗಳೆಲ್ಲ ಒಂದು ದಿನದ ಮಟ್ಟಿಗಾದರೂ ಬಿಸಿಲು ಕಾಣುವುವು. ಈ ಸೀಮೆಯ ದೊಡವಾಡವೆಂಬ ಊರಿನ ಯಾವುದಾದರೊಂದು ಓಣಿಯಲ್ಲಿ ಆ ದಿನಗಳಲ್ಲಿ ನಡೆದುಹೋಗುವವನ ಕಣ್ಣಿಗೆ ಕಾಲು ಮುರಿದ ಹೊರಸು, ಹಿಡಿಕೆಯಿಲ್ಲದ ಕುಕ್ಕರು, ಮಸಿಗಟ್ಟಿದ ಸೀಮೆಎಣ್ಣೆಯ ಸ್ಟೋವು, ಬಾಯಿ ಸೀಳಿದ ಪ್ಲಾಸ್ಟಿಕ್ ಕೊಡ, ಚಿತ್ರ ಮೂಡುವುದನ್ನು ಎಂದೋ ನಿಲ್ಲಿಸಿದ ದಪ್ಪನೆಯ ಟಿ.ವಿ. ಪೆಟ್ಟಿಗೆ, ಮೊಮ್ಮಕ್ಕಳು ದೊಡ್ಡವರಾದರೂ ಉಳಿದುಕೊಂಡು ಬಂದ ಮೂರು ಗಾಲಿಯ ಸೈಕಲ್ಲು, ಇವೆಲ್ಲ ಒಂದೇ ಸಾಲಿನಲ್ಲಿ ಬೀಳುವುವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಂಜೆಯ ಹೊತ್ತಿಗೆ ಮರಳಿ ಅಟ್ಟವನ್ನೇರುವುವು. ಏರದೆ ಉಳಿದವು ಹಿತ್ತಲ ತಿಪ್ಪೆಗೋ, ಊರ ಹೊರಗಿನ ಹಳ್ಳದ ದಂಡೆಗೋ, ಕತ್ತಲಾದ ಮೇಲೆ ಒಂದು ಬೆಂಕಿಕಡ್ಡಿಗೋ ಒಪ್ಪಿಸಲ್ಪಡುವುವು.

ಹಳ್ಳಿಯ ಜನಕ್ಕೆ ಸ್ವಚ್ಛತೆಯ ಪ್ರಜ್ಞೆಯಿಲ್ಲದುದೇ ಇದಕ್ಕೆಲ್ಲ ಕಾರಣವೆಂದು ಪಟ್ಟಣದಿಂದ ಬಂದು ಭಾಷಣ ಮಾಡಿ ಹೋಗುವವರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ಯಾವ ವಸ್ತುವನ್ನೂ ವ್ಯರ್ಥವಾಗಗೊಡದ ಒಂದು ಸೂಕ್ಷ್ಮವಾದ ವ್ಯವಸ್ಥೆಯು, ಅದಕ್ಕೊಂದು ಹೆಸರೂ ಇಲ್ಲದೆ, ಅದರ ಬಗ್ಗೆ ಯಾರೂ ಒಂದು ಠರಾವನ್ನೂ ಮಾಡದೆ, ಈ ಎರೆಸೀಮೆಯಲ್ಲಿ ಬಹುಕಾಲ ನಡೆದುಕೊಂಡು ಬಂದಿತ್ತು. ಅದರ ಮೂಲಸೂತ್ರವೆಂದರೆ, ಒಂದು ಮನೆಗೆ ಬೇಡಾದ ವಸ್ತುವಿಗೆ ಇನ್ನೊಂದು ಮನೆ, ಅಲ್ಲಿಯೂ ಬೇಡಾದರೆ ಮತ್ತೊಂದು ಕೈ, ಕೊನೆಗೆ ಒಲೆ ಅಥವಾ ತಿಪ್ಪೆ, ತಿಪ್ಪೆಯಿಂದ ಮುಂದೆ ಹೊಲ, ಹೀಗೆ ಪ್ರತಿಯೊಂದಕ್ಕೂ ಮುಂದಿನ ನೆಲೆಯು ಗೊತ್ತಿರುತ್ತಿದ್ದುದು. ಈಗ ಕೆಟ್ಟಿರುವುದು ಜನರ ಸ್ವಭಾವವಲ್ಲ. ಮುಂದಿನ ಮನೆಯೇ ಗೊತ್ತಿಲ್ಲದ ವಸ್ತುಗಳು ನಮ್ಮ ಹೊಸ್ತಿಲೊಳಗೆ ಬಂದು ಕುಳಿತಿವೆ, ಮತ್ತು ಗೊತ್ತಿದ್ದ ವಸ್ತುಗಳನ್ನು ಒಯ್ಯುತ್ತಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದಿವೆ.

ಅರಿವೆಯ ಬಾಳನ್ನೇ ನೋಡಬಹುದು. ಸುರೇಬಾನದ ಮಗ್ಗದ ಮೇಲೋ ಇಳಕಲ್ಲಿನಲ್ಲೋ ಹುಟ್ಟಿದ ನೂಲಿನ ಸೀರೆಯೊಂದು ಮೊದಲು ಕೆಲವು ವರ್ಷ ಹಬ್ಬ ಹುಣ್ಣಿಮೆಗಳಿಗೆ ಮೀಸಲಾಗಿದ್ದು, ಬಣ್ಣ ಮಾಸಿದ ಮೇಲೆ ದಿನಬಳಕೆಗೆ ಬಂದು, ಅಲ್ಲಿಂದ ಹೊಲದ ಕೆಲಸಕ್ಕೆ ಇಳಿದು, ನಡು ಹರಿದ ಮೇಲೆ ಗಟ್ಟಿಯಾಗಿ ಉಳಿದ ಭಾಗವು ಕೂಸಿನ ಜೋಳಿಗೆಯಾಗಿ, ಅಂಚು ದನ ಕಟ್ಟುವ ಹಗ್ಗದೊಳಗಿನ ಹುರಿಯಾಗಿ, ತುಂಡುಗಳು ಕೊಡ ಹೊರುವ ತಲೆಯ ಸಿಂಬಿಯಾಗಿ ಹಂಚಿಹೋದ ಮೇಲೆ, ಇನ್ನೂ ಏನಾದರೂ ಮಿಕ್ಕಿದ್ದರೆ ಅದು ಕೌದಿಯ ಒಡಲನ್ನು ಸೇರುತ್ತಿತ್ತು. ಸುಗ್ಗಿ ಮುಗಿದು ಮುಂಗಾರು ತೊಡಗುವುದಕ್ಕೆ ಮುಂಚಿನ ಬೇಸಿಗೆಯ ಬಿಡುವಿನಲ್ಲಿ ಪಡಸಾಲೆಯ ತುಂಬ ಒಂದು ಗಟ್ಟಿ ಧೋತರವನ್ನು ಹಾಸಿ, ಅದರ ಮೇಲೆ ಹರಕು ಅರಿವೆಗಳನ್ನು ಪದರುಪದರಾಗಿ ಹೊಂದಿಸಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ನೂಲಿನಿಂದ ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಸಣ್ಣ ಹೊಲಿಗೆ ಹಾಕುತ್ತ ಬರುವ ಈ ಕೆಲಸಕ್ಕೆ ಮನೆಯ ಹೆಂಗಸರಿಗೆ ಪುರಸತ್ತಿಲ್ಲದಿದ್ದರೆ, ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳು ಇದ್ದೇ ಇದ್ದರು. ಜೋಳ, ಹಳೆಯ ಸೀರೆ, ಒಂದಿಷ್ಟು ರೊಕ್ಕ ಅವರ ಕೂಲಿ. ಕೌದಿಯೇ ಹರಿದಾಗ ಅದನ್ನು ಒಗೆದು ಒಣಗಿಸಿ ಹೊಸ ಕೌದಿಯ ಒಳಪದರಾಗಿ ಹಾಕುವರು. ಆದುದರಿಂದ ಕೆಲವು ಮನೆಗಳ ಕೌದಿಯನ್ನು ಬಿಚ್ಚುತ್ತ ಹೋದರೆ ಮೂರು ತಲೆಮಾರಿನ ಹೆಂಗಸರು ಉಟ್ಟ ಸೀರೆಗಳು ಒಂದರ ಕೆಳಗೊಂದು ಸಿಕ್ಕುವುವು. ನಮ್ಮ ಪಶ್ಚಿಮಕ್ಕಿರುವ ಖಾನಾಪುರ, ಹಳಿಯಾಳ, ಯಲ್ಲಾಪುರಗಳ ಕಾಡಂಚಿನ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಈಗ ಮಹಾನಗರಗಳ ಪ್ರದರ್ಶನಗಳಲ್ಲಿ ತೂಗುಬಿದ್ದು ಕಲಾಕೃತಿಗಳೆನ್ನಿಸಿಕೊಂಡಿವೆ. ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಗೋಡೆಗೆ ತೂಗುವ ಕೌದಿಗಿಂತ ಮಾಘದ ಚಳಿಯಲ್ಲಿ ಮೂವರು ಮಕ್ಕಳನ್ನು ಮುಚ್ಚುವ ಕೌದಿಯ ಕಡೆಗೆ ನನ್ನ ಪಕ್ಷಪಾತ ಹೆಚ್ಚು.

ಈ ಪರಂಪರೆಗೆ ಪೆಟ್ಟು ಬಿದ್ದುದು ನೈಲಾನು, ಪಾಲಿಯೆಸ್ಟರುಗಳಿಂದ. ಅವು ಬೆವರನ್ನು ಹೀರುವುದಿಲ್ಲ, ಕೂಸಿನ ಮೈಗೆ ಹಿತವಲ್ಲ, ಹೊಲಿಯುವಾಗ ಪದರುಗಳು ಒಂದರ ಮೇಲೊಂದು ಜಾರುವುವು. ನೆಲ ಒರೆಸುವುದಕ್ಕೂ ನಿರುಪಯೋಗಿ. ತಿಪ್ಪೆಗೆ ಹಾಕಿದರೆ ಮೂರು ಮಳೆಗಾಲ ಕಳೆದ ಮೇಲೂ ಹಾಕಿದಂತೆಯೇ ಹೊರಬರುವುವು. ಬೆಂಕಿಗೆ ಹಿಡಿದರೆ ಬೂದಿಯಾಗದೆ ಕರಗಿ ಕರಿಯ ಅಂಟಾಗುವುವು. ಹಾಗಿದ್ದರೂ ನಮ್ಮ ರೈತರು ಇವಕ್ಕೂ ಒಂದು ಮುಂದಿನ ನೆಲೆಯನ್ನು ಕಂಡುಕೊಂಡಿದ್ದಾರೆ. ಗೋವಿನಜೋಳದ ಹೊಲಗಳ ಸುತ್ತ ಕಾಡುಹಂದಿಯನ್ನು ಬೆದರಿಸಲು ಕಟ್ಟಿದ ಹಸಿರು, ಕೆಂಪು, ನೇರಳೆ ಸೀರೆಗಳ ಬೇಲಿಯನ್ನು ಯಾರು ತಾನೇ ನೋಡಿಲ್ಲ! ಅದು ತಕ್ಕಮಟ್ಟಿನ ಉಪಾಯವೇ. ಆದರೆ ಬಿಸಿಲಿಗೆ ಜೀರ್ಣವಾದ ಆ ಎಳೆಗಳು ಉದುರಿ ಸೇರುವುದು ಅದೇ ಹೊಲದ ಮಣ್ಣನ್ನು. ಸುಗ್ಗಿಯಾದೊಡನೆ ಬೇಲಿಯನ್ನು ಬಿಚ್ಚಿ ಸುತ್ತಿಟ್ಟರೆ ಇನ್ನೊಂದು ವರ್ಷಕ್ಕೆ ಬರುವುದು, ಮಣ್ಣೂ ಉಳಿಯುವುದು. ಕೌದಿಯ ವಿಷಯದಲ್ಲಿಯೂ ಹೊಲಿಯುವವರು ಒಂದು ಸಂಧಾನಕ್ಕೆ ಬಂದಿದ್ದಾರೆ: ಹೊರಮೈಗೆ ಮಿರುಗುವ ಸಿಂಥೆಟಿಕ್ಕು, ಒಡಲಿಗೆ ನೂಲು.

ಬಾಂಡೆ ಸಾಮಾನಿನ ಕಥೆ ಇದಕ್ಕಿಂತ ಸರಳ, ಏಕೆಂದರೆ ಲೋಹಕ್ಕೆ ಎಂದಿಗೂ ಗಿರಾಕಿಯ ಕೊರತೆಯಿಲ್ಲ. ತಾಮ್ರ ಹಿತ್ತಾಳೆಗಳ ಪಾತ್ರೆಗೆ ಕಲಾಯಿ ಹಾಕುವವನು ಊರ ಕಟ್ಟೆಯ ಬಳಿ ನೆಲದಲ್ಲಿ ಒಲೆ ತೋಡಿ, ತಿದಿಯೊತ್ತಿ, ಕಾದ ಪಾತ್ರೆಯ ಒಳಮೈಗೆ ನವಸಾಗರದ ಪುಡಿ ಚೆಲ್ಲಿ, ಬಿಳಿಯ ಹೊಗೆಯೇಳುತ್ತಿರುವಾಗಲೇ ತವರದ ಕಡ್ಡಿಯನ್ನು ತಾಗಿಸಿ ಅರಳೆಯ ಉಂಡೆಯಿಂದ ಒರೆಸಿದೊಡನೆ, ಕಪ್ಪಾಗಿದ್ದ ಪಾತ್ರೆಯ ಒಡಲು ಕ್ಷಣಾರ್ಧದಲ್ಲಿ ಬೆಳ್ಳಿಯಾಗುತ್ತಿದ್ದುದನ್ನು ಸುತ್ತ ಕುಳಿತು ನೋಡುವುದು ಮಕ್ಕಳಿಗೊಂದು ಜಾತ್ರೆ. ಸ್ಟೇನ್‌ಲೆಸ್ ಸ್ಟೀಲು ಬಂದಿತು, ಕಲಾಯಿಯವನು ಹೋದನು, ಹಂಡೆ ಕೊಡಗಳು ತೂಕಕ್ಕೆ ಬಿದ್ದುವು. ಹರಕು ಸೀರೆಗೆ ಸ್ಟೀಲಿನ ಡಬ್ಬಿ, ಮುರುಕು ಕಬ್ಬಿಣಕ್ಕೆ ಉಳ್ಳಾಗಡ್ಡಿ, ಬಾಚಣಿಗೆಗೆ ಬಂದ ಕೂದಲಿಗೆ ಪುಗ್ಗೆ, ಪಿನ್ನು ಎಂದು ಕೂಗುತ್ತ ಬರುವವರು ಮಾತ್ರ ಇಂದಿಗೂ ಬರುತ್ತಲೇ ಇರುವರು. ಈ ಕೂದಲಿನ ವಿಷಯ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ನಮ್ಮ ಅಜ್ಜಿಯರು ಗೋಡೆಯ ಸಂದಿಯಲ್ಲಿ ಉಂಡೆಗಟ್ಟಿ ಸಿಕ್ಕಿಸಿಡುತ್ತಿದ್ದ ಆ ಕೂದಲು ಕೈಯಿಂದ ಕೈಗೆ ಸಾಗಿ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರವನ್ನು ಮುಟ್ಟುವುದು. ಅಲ್ಲಿ ಸಿಕ್ಕು ಬಿಡಿಸುವ, ತೊಳೆಯುವ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸವೇ ಒಂದು ಉದ್ಯಮವಾಗಿ ಬೆಳೆದಿದ್ದು, ಕೃತಕ ಕೇಶಕ್ಕೆಂದು ಅದು ಕಡಲಾಚೆಯ ದೇಶಗಳಿಗೂ ಹೋಗುತ್ತದೆ. ಒಂದು ಮನೆಯಲ್ಲಿ ಅಶುಭವೆಂದು ಹೊರಗಿಟ್ಟುದು ಮತ್ತೊಂದು ಊರಿನ ಹೊಟ್ಟೆ ಹೊರೆಯುವ ಈ ಬಗೆಯನ್ನು ಕಂಡಾಗ, ಕಸವೆಂಬುದು ವಸ್ತುವಿನ ಗುಣವಲ್ಲ, ಅದನ್ನು ಒಯ್ಯುವವನು ಬಾರದಿರುವ ಸ್ಥಿತಿ ಎಂದು ನನಗೆ ಅನ್ನಿಸುವುದು.

ಒಯ್ಯುವವನು ಏಕೆ ಬಾರನು? ಮೋಡಕಾ, ಎಂದರೆ ಗುಜರಿ, ಸಾಮಾನು ಕೊಳ್ಳುವವನನ್ನು ನಿಲ್ಲಿಸಿ ಒಂದು ಮುರುಕು ಪ್ಲಾಸ್ಟಿಕ್ ಕುರ್ಚಿಯನ್ನೋ ಥರ್ಮೋಕೋಲಿನ ಪೆಟ್ಟಿಗೆಯನ್ನೋ ಮುಂದಿಟ್ಟರೆ ಅವನು ಮುಟ್ಟಿಯೂ ನೋಡದೆ, “ಯಕ್ಕಾ, ಇದು ನಮ್ಮ ತಕ್ಕಡಿಗಿ ಬರೂದಿಲ್ಲ ನೋಡ್ರಿ. ಗಾಡಿ ತುಂಬತೈತಿ, ತೂಕ ತುಂಬೂದಿಲ್ಲ” ಎಂದುಬಿಡುವನು. ಸಮಸ್ಯೆಯ ಅರ್ಥಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದೆ. ಕಬ್ಬಿಣ, ತಾಮ್ರ, ರಟ್ಟು, ಗಟ್ಟಿ ಪ್ಲಾಸ್ಟಿಕ್ಕುಗಳು ತಕ್ಕಡಿಗೆ ಬರುವುದರಿಂದ ಯಾರ ಉಪದೇಶವೂ ಇಲ್ಲದೆ ಬೈಲಹೊಂಗಲಕ್ಕೂ, ಅಲ್ಲಿಂದ ಹುಬ್ಬಳ್ಳಿ ಬೆಳಗಾವಿಗಳಿಗೂ ಹೋಗಿಬಿಡುವುವು. ಹಗುರವಾದುದು, ಬೆರಕೆಯಾದುದು, ಕೊಳೆಯಾದುದು ಮಾತ್ರ ನಮ್ಮಲ್ಲಿ ಉಳಿಯುವುದು.

ಇದಕ್ಕಿಂತಲೂ ಆಳವಾದ ಇನ್ನೊಂದು ಕಾರಣವಿದೆ. ಅದನ್ನು ಯಾರೂ ಹೆಚ್ಚಾಗಿ ಎತ್ತಿ ಆಡುವುದಿಲ್ಲ. ಆಯಗಾರಿಕೆ ನಡೆಯುತ್ತಿದ್ದ ಕಾಲದಲ್ಲಿ ಬಡಿಗನಿಗೂ ಕಮ್ಮಾರನಿಗೂ ರೈತನು ಸುಗ್ಗಿಯ ಕಣದಲ್ಲಿ ವರ್ಷಕ್ಕೊಮ್ಮೆ ಕಾಳು ಅಳೆದುಕೊಡುತ್ತಿದ್ದನು. ಅದಾದ ಮೇಲೆ ಆ ವರ್ಷದಲ್ಲಿ ಕುಂಟೆ ಎಷ್ಟು ಸಲ ಮುರಿದರೂ, ಕುಡುಗೋಲು ಎಷ್ಟು ಸಲ ಮೊಂಡಾದರೂ ಸರಿಪಡಿಸಿ ಕೊಡುವುದು ಅವರ ಬಾಧ್ಯತೆ. ಎಂದರೆ ದುರಸ್ತಿಯ ಬೆಲೆಯನ್ನು ಮೊದಲೇ ಕೊಟ್ಟಾಗಿರುತ್ತಿತ್ತು. ಆದುದರಿಂದ ಮುರಿದುದನ್ನು ಸರಿಮಾಡಿಸುವುದು ಅಗ್ಗವೋ ಹೊಸದನ್ನು ಕೊಳ್ಳುವುದು ಅಗ್ಗವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂದು ಪ್ರತಿಯೊಂದು ದುರಸ್ತಿಗೂ ಅಂದಂದೇ ಬೆಲೆ ಕಟ್ಟಲಾಗುವುದು. ಮಿಕ್ಸರಿನ ಕೆಟ್ಟ ಮೋಟಾರಿಗೆ ಅಂಗಡಿಯವನು ಹೇಳುವ ದರವು ಹೊಸ ಮಿಕ್ಸರಿನ ದರದ ಅರ್ಧವನ್ನು ದಾಟಿದೊಡನೆ ಹಳೆಯದು ಅಟ್ಟಕ್ಕೇರುವುದು ನಿಶ್ಚಯ. ಜಾತಿಕಸುಬಿನ ಕಟ್ಟಿನಿಂದ ಬಿಗಿದಿದ್ದ ಆ ಪದ್ಧತಿಯು ಹೋದುದಕ್ಕಾಗಿ ನಾನು ಕಣ್ಣೀರಿಡುವವನಲ್ಲ. ಬಡಿಗನ ಮಗನು ಎಂಜಿನಿಯರನಾಗುವುದು ಒಳ್ಳೆಯದೇ. ಅದರೊಳಗಿದ್ದ ಲೆಕ್ಕಾಚಾರದ ಜಾಣತನ ಮಾತ್ರ ಕಳೆದುಹೋಗಬಾರದಿತ್ತು.

ಅಟ್ಟವನ್ನು ತುಂಬುವುದು ಕೆಟ್ಟ ವಸ್ತುಗಳು ಮಾತ್ರವೇ ಅಲ್ಲ. ಒಂದು ದಿನವೂ ಬಳಸದ ಹೊಸ ವಸ್ತುಗಳೂ ಅಲ್ಲಿ ಧಾರಾಳವಾಗಿವೆ, ಮತ್ತು ಅವುಗಳ ಮುಖ್ಯ ಮೂಲವು ಮದುವೆಯ ಆಯೇರಿ. ಒಂದು ಮದುವೆಯಲ್ಲಿ ಹತ್ತಾರು ಗೋಡೆ ಗಡಿಯಾರಗಳು, ಅಷ್ಟೇ ಗಾಜಿನ ಲೋಟಗಳ ಸೆಟ್ಟುಗಳು, ಲೆಕ್ಕವಿಲ್ಲದಷ್ಟು ಸ್ಟೀಲಿನ ಡಬರಿಗಳು ಬರುವುವು. ಖಣದ ಸಂಗತಿ ಬೇರೆ. ಉಡಿ ತುಂಬಿದ ಖಣವನ್ನು ಹೊಲಿಸಿ ತೊಡುವವರು ವಿರಳವಾದರೂ ಅದು ನಿಂತಲ್ಲಿ ನಿಲ್ಲುವುದಿಲ್ಲ. ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಬೀಗರ ಊರಿಗೆ ತಿರುಗುತ್ತ ಎರಡು ವರ್ಷಗಳ ತರುವಾಯ ಮೊದಲು ಕೊಟ್ಟವಳ ಉಡಿಗೇ ಮರಳಿ ಬಂದ ಉದಾಹರಣೆಗಳುಂಟು. ನಗಬೇಕಾದುದಲ್ಲ, ಬೇಡಾದ ವಸ್ತುವು ಮಾನ ಕಳೆದುಕೊಳ್ಳದೆ ಸಂಚರಿಸುವ ಉತ್ತಮವಾದ ಏರ್ಪಾಡು ಅದು. ಆದರೆ ಸ್ಟೀಲಿನ ಪಾತ್ರೆಗೆ ಆ ಭಾಗ್ಯವಿಲ್ಲ. ಏಕೆಂದರೆ ಅಂಗಡಿಯಲ್ಲಿ ವಿದ್ಯುತ್ತಿನ ಮೊಳೆಯಿಂದ ಅದರ ಅಂಚಿನ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಇಷ್ಟನ್ನೂ ಕೊರೆಯಿಸಿ ತಂದಿರುತ್ತಾರೆ. ಸೋದರಮಾವನ ಹೆಸರು ಹೊತ್ತ ಕೊಳಗವನ್ನು ಇನ್ನೊಬ್ಬರ ಮದುವೆಗೆ ಒಯ್ಯುವ ಧೈರ್ಯ ಯಾರಿಗಿದೆ? ಹೆಸರು ಕೊರೆಯಿಸುವುದನ್ನೊಂದು ಬಿಟ್ಟರೂ ನಮ್ಮ ಅಟ್ಟಗಳ ಭಾರ ಅಷ್ಟರಮಟ್ಟಿಗೆ ಇಳಿದೀತು.

ಇನ್ನು ನಾವು ಮಾಡಬಾರದುದನ್ನು ಮಾಡುತ್ತಿರುವ ಬಗೆಗೆ. ತಿಪ್ಪೆಯು ರೈತನ ಭಂಡಾರ. ಸಗಣಿ, ಬೂದಿ, ಕಣಿಕೆಯ ಚೂರು ಅದರೊಳಗೆ ಕೊಳೆತು ಬೇಸಿಗೆಯಲ್ಲಿ ಹೊಲಕ್ಕೆ ಹೋಗುತ್ತಿದ್ದಾಗ ಅದು ಕೆಡಿಸುತ್ತಿದ್ದುದು ಏನೂ ಇರಲಿಲ್ಲ. ಇಂದು ಗುಟಕಾ ಚೀಟಿ, ಶಾಂಪೂ ಚೀಟಿ, ಹಾಲಿನ ಕೊಟ್ಟೆ, ಕೂಸಿನ ಡಯಾಪರು, ಒಡೆದ ಬಲ್ಬುಗಳೂ ಅದೇ ಗುಂಡಿಗೆ ಬಿದ್ದು ಗೊಬ್ಬರದೊಡನೆ ಎರೆಹೊಲವನ್ನು ಸೇರುತ್ತಿವೆ. ಅನ್ನ ಕಟ್ಟಿ ಎಸೆದ ಚೀಲವನ್ನು ದನಗಳು ಚೀಲಸಮೇತ ನುಂಗುತ್ತಿವೆ. ಹಳ್ಳಕ್ಕೆ ಎಸೆದುದು ಕಣ್ಣಿನಿಂದ ದೂರವಾದೀತೇ ಹೊರತು ಲೋಕದಿಂದ ದೂರವಾಗದು. ಕಣಕುಂಬಿಯಲ್ಲಿ ಹುಟ್ಟಿ ಎಂ.ಕೆ. ಹುಬ್ಬಳ್ಳಿಯನ್ನು ಹಾಯ್ದು ಬರುವ ಮಲಪ್ರಭೆಗೆ ಈ ಸೀಮೆಯ ಹಳ್ಳಗಳಲ್ಲಿ ಬಹುಪಾಲು ಕೂಡಿಕೊಳ್ಳುವುವು. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಲ್ಲುವ ಆ ನೀರನ್ನೇ ಹುಬ್ಬಳ್ಳಿ ಧಾರವಾಡದ ಜನ ಕುಡಿಯುವರು, ಅದೇ ನೀರು ಕಾಲುವೆಗಳಲ್ಲಿ ಹರಿದು ಹೊಲಗಳಿಗೆ ಹೋಗುವುದು. ಸುಡುವುದಂತೂ ಎಲ್ಲಕ್ಕಿಂತ ಕೆಟ್ಟುದು. ಕೇಬಲ್ಲಿನೊಳಗಿನ ತಾಮ್ರಕ್ಕಾಗಿ ಮೇಲಿನ ಪ್ಲಾಸ್ಟಿಕ್ಕನ್ನು ಸುಟ್ಟಾಗ ಏಳುವ ಹೊಗೆಯಲ್ಲಿ ಡೈಆಕ್ಸಿನ್ ಎಂಬ ವಿಷವಿರುತ್ತದೆ. ಅದು ಉಸಿರಿನಲ್ಲಿ ಮಾತ್ರವೇ ನಿಲ್ಲದೆ ಮೇವಿನ ಮೇಲೆ ಕುಳಿತು ಹಾಲಿನ ಕೊಬ್ಬಿನ ಮೂಲಕ ಮರಳಿ ನಮ್ಮ ಮನೆಗೇ ಬರುವುದು. ಹೋಳಿಹುಣ್ಣಿಮೆಯ ಕಾಮದಹನಕ್ಕೆ ಹುಡುಗರು ಕುಳ್ಳು ಕಟ್ಟಿಗೆ ಕದ್ದು ತರುವುದು ಸಂಪ್ರದಾಯಸಮ್ಮತವಾದ ಕಳ್ಳತನವೆಂದು ಹಿರಿಯರು ಕಣ್ಣು ಮುಚ್ಚುವುದು ಸರಿ. ಟೈರನ್ನೂ ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನೂ ಕಾಮಣ್ಣನ ಮೇಲೆ ಹೇರುವಾಗ ಮಾತ್ರ ಅವರು ಕಣ್ಣು ತೆರೆಯತಕ್ಕದ್ದು.

ದಾನದ ಹೆಸರಿನಲ್ಲಿ ಎಸೆಯುವುದು ಇನ್ನೊಂದು ರೋಗ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿ ಮಣ್ಣಿನ ಮನೆಗಳನ್ನು ಕೆಡವಿ ಸಂಸಾರಗಳನ್ನು ಬೀದಿಗೆ ತಂದುದು ಇನ್ನೂ ನೆನಪಿನಿಂದ ಮಾಸಿಲ್ಲ. ಅಂತಹ ವಿಪತ್ತು ಬಂದಾಗ ನಾಡಿನ ಮೂಲೆಮೂಲೆಯಿಂದ ನೆರವಿನ ಲಾರಿಗಳು ಬರುವುದು ನಮ್ಮ ಜನರ ಔದಾರ್ಯಕ್ಕೆ ಸಾಕ್ಷಿಯೇ. ಆದರೆ ಆ ಗಂಟುಗಳಲ್ಲಿ ಗುಂಡಿಯಿಲ್ಲದ ಅಂಗಿ, ಕೊಳೆಯಾದ ಒಳಉಡುಪು, ಒಂಟಿ ಬೂಟುಗಳೂ ಸೇರಿರುವುದು ಯಾವ ಔದಾರ್ಯ? 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಇಂತಹ ಅರಿವೆಗಳ ರಾಶಿಗಳೇ ಬಿದ್ದಿದ್ದು, 1999ರಲ್ಲಿ ದಿಲ್ಲಿಯಲ್ಲಿ ಆರಂಭವಾದ ‘ಗೂಂಜ್’ ಸಂಸ್ಥೆಯವರು ಅವನ್ನು ಆರಿಸಿ ವಿಂಗಡಿಸಿ ಮರುಬಳಕೆಗೆ ತಂದರು. ಆ ಸಂಸ್ಥೆಯ ಸ್ಥಾಪಕ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅವರ ಕ್ರಮದಲ್ಲಿ ಎರಡು ಸಂಗತಿಗಳು ನನಗೆ ಮೆಚ್ಚುಗೆಯಾದುವು: ಹಳೆಯ ಅರಿವೆಯನ್ನು ಭಿಕ್ಷೆಯಾಗಿ ಹಂಚದೆ, ಹಳ್ಳಿಯವರು ಕೂಡಿ ಒಂದು ಬಾವಿಯನ್ನೋ ರಸ್ತೆಯನ್ನೋ ಸರಿಪಡಿಸಿಕೊಂಡುದಕ್ಕೆ ಸಂಭಾವನೆಯಾಗಿ ಕೊಡುವುದು, ಉಡಲು ಬಾರದ ನೂಲಿನ ಬಟ್ಟೆಯನ್ನು ಶುಚಿಗೊಳಿಸಿ ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಬಟ್ಟೆಯಾಗಿ ಹೊಲಿಯುವುದು. ಕೊಡುವವನು ತನ್ನ ಮನೆಯವರಿಗೆ ಉಡಿಸಲು ನಾಚುವಂತಹದನ್ನು ಪರರಿಗೆ ಕೊಡಲೂ ನಾಚಬೇಕು.

ಸರಕಾರವೇನೂ ಸುಮ್ಮನೆ ಕುಳಿತಿಲ್ಲ. 2016ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಹಸಿಕಸ, ಒಣಕಸ, ಮನೆಯ ಅಪಾಯಕಾರಿ ಕಸ ಎಂಬ ಮೂರು ಬಗೆಯನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದುವು. ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ಶಾಖೆಯ ಎರಡನೆಯ ಹಂತದಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿಗಳು ‘ಸ್ವಚ್ಛ ಸಂಕೀರ್ಣ’ಗಳೆಂಬ ಶೆಡ್ಡುಗಳನ್ನು ಕಟ್ಟಿಸಿ, ‘ಸ್ವಚ್ಛ ವಾಹಿನಿ’ ಎಂಬ ವಾಹನಗಳನ್ನು ಇಳಿಸಿ, ಅವನ್ನು ನಡೆಸುವ ಭಾರವನ್ನು ಸ್ವಸಹಾಯ ಸಂಘಗಳ ‘ಸಂಜೀವಿನಿ’ ಒಕ್ಕೂಟಗಳ ಮಹಿಳೆಯರಿಗೆ ವಹಿಸುತ್ತ ಬಂದಿವೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ವಾಹನವನ್ನು ತಾನೇ ಓಡಿಸಿಕೊಂಡು ಬರುವ ಹೆಣ್ಣುಮಗಳನ್ನು ಕಂಡಾಗ, ಊರಿನ ಕಟ್ಟೆಯ ಮೇಲೆ ಕುಳಿತು ಪತ್ರಿಕೆಯೋದುವ ನಮ್ಮಂತಹವರು ಸ್ವಲ್ಪ ಸರಿದು ಕುಳಿತುಕೊಳ್ಳುವುದು ಸಹಜ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣಕಸವನ್ನು ಒಂದೆಡೆ ತಂದು ಯಂತ್ರದ ಮೇಲೆ ವಿಂಗಡಿಸುವ ಘಟಕವೇ ನಡೆಯುತ್ತಿದೆ. ತಕ್ಕಡಿಗೆ ಬಾರದ ಹಗುರ ಕಸವೂ ನೂರಾರು ಊರುಗಳಿಂದ ಕೂಡಿದಾಗ ಲಾರಿಯ ತೂಕವಾಗಿ ಕಾರ್ಖಾನೆಯವನಿಗೆ ಬೇಕಾದುದಾಗುತ್ತದೆ ಎಂಬುದೇ ಅದರ ಗುಟ್ಟು.

ಆದರೆ ಸ್ವಚ್ಛ ವಾಹಿನಿಯು ಒಯ್ಯುವುದು ದಿನದ ಕಸವನ್ನು. ಮಹಾನವಮಿಯ ಅಂಗಳದಲ್ಲಿ ಕುಳಿತ ಹೊರಸು, ಕಪಾಟು, ಸೈಕಲ್ಲುಗಳು ಕಸವೂ ಅಲ್ಲ, ಸಾಮಾನೂ ಅಲ್ಲದ ತ್ರಿಶಂಕುಗಳು. ಇಲ್ಲಿ ಜಪಾನಿನ ಕಾಮಿಕಾತ್ಸು ಎಂಬ ಬೆಟ್ಟದ ನಡುವಿನ ಊರೊಂದರ ಮಾತು ಪ್ರಯೋಜನಕ್ಕೆ ಬಂದೀತು. ಒಂದೂವರೆ ಸಾವಿರದ ಆಸುಪಾಸಿನ ಜನಸಂಖ್ಯೆಯುಳ್ಳ ಆ ಊರಿನವರು 2003ರಲ್ಲಿ ‘ಶೂನ್ಯ ತ್ಯಾಜ್ಯ’ದ ಘೋಷಣೆಯನ್ನು ಮಾಡಿ, ತಮ್ಮ ಕಸವನ್ನು ತಾವೇ ಕೇಂದ್ರಕ್ಕೆ ತಂದು 45 ಬಗೆಯಾಗಿ ವಿಂಗಡಿಸುವುದನ್ನು ರೂಢಿಸಿಕೊಂಡು, ಸುಮಾರು ನೂರಕ್ಕೆ 80 ಪಾಲನ್ನು ಮರುಬಳಕೆಗೆ ಕಳುಹಿಸುವ ಹಂತವನ್ನು ಮುಟ್ಟಿದರು. ಆ 45 ಬಗೆಗಳನ್ನು ನಮ್ಮ ಮೇಲೆ ಹೇರುವ ಉದ್ದೇಶ ನನಗಿಲ್ಲ; ಮೂರನ್ನೇ ನಾವು ನೆಟ್ಟಗೆ ಮಾಡಿಲ್ಲ. ನನ್ನ ಮನಸ್ಸನ್ನು ಹಿಡಿದುದು ಅಲ್ಲಿಯ ‘ಕುರು ಕುರು’ ಎಂಬ ಅಂಗಡಿ. ತನಗೆ ಬೇಡಾದ, ಆದರೆ ಇನ್ನೂ ಬಳಸಬಹುದಾದ ವಸ್ತುವನ್ನು ಊರಿನ ಯಾರು ಬೇಕಾದರೂ ಅಲ್ಲಿ ತಂದಿಡಬಹುದು. ಬೇಕಾದವರು ಹಣ ಕೊಡದೆ ಒಯ್ಯಬಹುದು. ಒಯ್ಯುವವರು ಅದರ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟು ಹೋಗುವರು, ಅಷ್ಟೇ. ನಮ್ಮ ಸ್ವಚ್ಛ ಸಂಕೀರ್ಣದ ಶೆಡ್ಡಿನ ಒಂದು ಗೋಡೆಗೆ ಹಲಗೆಗಳ ಸಾಲನ್ನು ಹೊಡೆಸುವುದಕ್ಕೆ ಬರುವ ಖರ್ಚು ಎಷ್ಟರದು? ಗಡಿಯಾರ, ಲೋಟದ ಸೆಟ್ಟು, ಮೂರು ಗಾಲಿಯ ಸೈಕಲ್ಲು, ಶಾಲೆಯ ಪುಸ್ತಕ, ಇವೆಲ್ಲ ಅಲ್ಲಿ ಒಂದು ವಾರವೂ ನಿಲ್ಲಲಾರವು. ಒಂದು ತೊಡಕು ಮಾತ್ರ ಉಂಟು, ಅದನ್ನು ಮುಚ್ಚಿಡಬಾರದು: ನಮ್ಮ ಊರುಗಳಲ್ಲಿ ಯಾರು ಕೊಟ್ಟರು, ಯಾರು ಒಯ್ದರು ಎಂಬುದು ಕೊಟ್ಟ ವಸ್ತುವಿಗಿಂತ ಹೆಚ್ಚು ದಿನ ಬಾಳುವುದು. ಆದಕಾರಣ ಆ ಪುಸ್ತಕದಲ್ಲಿ ತೂಕವಿರಲಿ, ಹೆಸರು ಬೇಡ.

ಮುಂದಿನ ಮನೆಯನ್ನು ಹುಡುಕಬೇಕೆಂಬ ನನ್ನ ಸೂತ್ರಕ್ಕೆ ಅಪವಾದಗಳಿವೆ. ಕೆಲವು ವಸ್ತುಗಳಿಗೆ ಮುಂದಿನ ಮನೆ ಇರಲೇಕೂಡದು. ಹತ್ತಿಗೆ ಹೊಡೆಯುವ ಕೀಟನಾಶಕದ ಡಬ್ಬಿಯು ಗಟ್ಟಿಯಾಗಿ, ಬಾಯಿ ಬಿಗಿಯಾಗಿ, ಮನೆಗೆ ಬೇಕಾದಂತೆಯೇ ಇರುವುದರಿಂದ, ಅದನ್ನು ತೊಳೆದು ಎಣ್ಣೆಗೋ ಹೊಲಕ್ಕೊಯ್ಯುವ ನೀರಿಗೋ ಬಳಸಿದವರುಂಟು. ಉಳಿಸಿ ಬಳಸುವ ನಮ್ಮ ಹಳೆಯ ಸದ್ಗುಣವೇ ಇಲ್ಲಿ ಪ್ರಾಣಕ್ಕೆ ಮುಳುವಾಗುವುದು. 1971ರ ಕೀಟನಾಶಕ ನಿಯಮಗಳು ಇಂತಹ ಡಬ್ಬಿಗಳನ್ನು ಮರುಬಳಕೆಗೆ ಸಿಕ್ಕದಂತೆ ಒಡೆದು ವಸತಿಯಿಂದ ದೂರ ಹೂಳಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಔಷಧಿ ಬೆರೆಸುವಾಗಲೇ ಡಬ್ಬಿಯನ್ನು ಮೂರು ಸಲ ಗಲಬರಿಸಿ ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದುಬಿಟ್ಟರೆ ಯಾರೂ ಅದನ್ನು ಮನೆಗೆ ಒಯ್ಯಲಾರರು. ಟ್ಯೂಬ್‌ಲೈಟಿನೊಳಗೆ ಪಾದರಸವಿದೆ, ಹಳೆಯ ಟಿ.ವಿ.ಯ ದಪ್ಪ ಗಾಜಿನಲ್ಲಿ ಸೀಸವಿದೆ. ತಾಮ್ರದ ಸುರುಳಿಯ ಆಸೆಗೆ ಆ ಟಿ.ವಿ.ಯನ್ನು ಹಿತ್ತಲಲ್ಲಿ ಕಲ್ಲಿನಿಂದ ಒಡೆಯಬಾರದು. ಟ್ರ್ಯಾಕ್ಟರಿನ, ಇನ್ವರ್ಟರಿನ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ದೊರೆಯುವುದು. ಹಳೆಯದನ್ನು ಮಾರಾಟಗಾರರು ಮರಳಿ ಪಡೆಯಬೇಕೆಂಬ ನಿಯಮವು 2001ರಲ್ಲಿಯೇ ಬಂದಿತ್ತು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಮಕ್ಕಳ ಕೈಗೂ ಬೆಂಕಿಯ ಬಳಿಗೂ ಬಿಡಕೂಡದು. ಕೆಟ್ಟ ವಿದ್ಯುನ್ಮಾನ ಸಾಮಗ್ರಿಗಳ ಹೊಣೆಯನ್ನು ತಯಾರಿಸಿದ ಕಂಪನಿಗಳೇ ಹೊರತಕ್ಕದ್ದೆಂದು ಸಾರುವ ನಿಯಮಗಳು 2012ರಲ್ಲಿ ಜಾರಿಗೆ ಬಂದು, 2023ರ ಏಪ್ರಿಲ್ 1ರಿಂದ ಇನ್ನಷ್ಟು ಬಿಗಿಯಾಗಿವೆ. ಟಿ.ವಿ. ಮಾರುವಾಗ ದೊಡವಾಡದವರೆಗೆ ಬರಬಲ್ಲ ಕಂಪನಿಯ ಗಾಡಿಯು ಹಳೆಯದನ್ನು ಒಯ್ಯುವುದಕ್ಕೂ ಅದೇ ದಾರಿಯಲ್ಲಿ ಬರಬೇಕಾದುದು ನ್ಯಾಯವಷ್ಟೆ. ಅದು ತಾನಾಗಿ ಬಾರದಿದ್ದರೆ ಪಂಚಾಯತಿಗಳು ಕೂಡಿ ಪತ್ರ ಬರೆದು ಕರೆಸತಕ್ಕದ್ದು.

ಹಳೆಯ ದೇವರ ಪಟಗಳ ವಿಷಯ ಸೂಕ್ಷ್ಮವಾದುದು. ಗಾಜು ಒಡೆದ ಲಕ್ಷ್ಮಿಯನ್ನು ಮನೆಯಲ್ಲಿಡಲೂ ಆರದೆ ಎಸೆಯಲೂ ಆರದೆ ಬೇವಿನ ಅಥವಾ ಬನ್ನಿಯ ಮರದ ಬುಡದಲ್ಲಿ ಒರಗಿಸಿ ಬರುವರು; ಅಲ್ಲಿ ಮಳೆಗೆ ಪಟವು ನೆನೆದು, ಗಾಜಿನ ಚೂರು ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವವರ ಪಾದಕ್ಕೆ ಚುಚ್ಚುವುದು. ಚೌಕಟ್ಟು ಗಾಜುಗಳನ್ನು ಬಿಡಿಸಿ ಒಣಕಸಕ್ಕೆ ಕೊಟ್ಟು, ಕಾಗದದ ಚಿತ್ರವನ್ನು ಕೊಡದ ನೀರಿನಲ್ಲಿ ನೆನೆಯಿಟ್ಟು ಕರಗಿಸಿ ಗಿಡದ ಬುಡಕ್ಕೆ ಸುರಿದರೆ ಶ್ರದ್ಧೆಗೂ ಕುಂದಿಲ್ಲ, ಕಾಲಿಗೂ ಗಾಯವಿಲ್ಲ. ಮಠದ ಸ್ವಾಮಿಗಳು ಒಮ್ಮೆ ಪುರಾಣದ ನಡುವೆ ಈ ಮಾತನ್ನು ಹೇಳಿದರೆ ಪಂಚಾಯತಿಯ ಹತ್ತು ಡಂಗುರಗಳಿಗಿಂತ ಹೆಚ್ಚಿನ ಫಲವಾದೀತು.

ದುರಸ್ತಿಯ ಲೆಕ್ಕಕ್ಕೆ ಮರಳುವುದಾದರೆ, 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿ 2015ರಲ್ಲಿ ಬೆಂಗಳೂರಿಗೂ ಬಂದ ‘ರಿಪೇರಿ ಕೆಫೆ’ಗಳೆಂಬ ಕೂಟಗಳಲ್ಲಿ, ಬಲ್ಲವರು ಕುಳಿತು ಬಾರದವರಿಗೆ ಅವರವರ ಕೆಟ್ಟ ವಸ್ತುವನ್ನು ಅವರ ಕೈಯಿಂದಲೇ ಸರಿಮಾಡಿಸುತ್ತಾರಂತೆ. ನಮಗೆ ಕೆಫೆ ಬೇಡ, ವಾರದ ಸಂತೆ ಸಾಕು. ಸುತ್ತಲಿನ ಐಟಿಐಗಳಲ್ಲಿ ಕಲಿಯುವ ಹುಡುಗರು ತಿಂಗಳಿಗೊಂದು ಸಂತೆಯ ದಿನ ತಮ್ಮ ಮಾಸ್ತರರೊಡನೆ ಒಂದು ಮೇಜು ಹಾಕಿಕೊಂಡು ಕುಳಿತರೆ, ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಮೇಲೆ ಅವರ ಕೈ ಪಳಗುವುದು, ಜನರ ಅಟ್ಟವೂ ಹಗುರಾಗುವುದು. ಅವರ ಮೇಜಿನ ಸಾಮಾನಿನ ಖರ್ಚನ್ನು ಪಂಚಾಯತಿಯು ವರ್ಷಕ್ಕೊಮ್ಮೆ ಕೊಟ್ಟುಬಿಟ್ಟರೆ, ಆಯಗಾರಿಕೆಯ ಒಳ್ಳೆಯ ಅಂಶವು ಅದರ ಕೆಟ್ಟ ಅಂಶವನ್ನು ಬಿಟ್ಟು ಮರಳಿದಂತಾಯಿತು.

ಮೋಡಕಾದವನನ್ನು ಈ ಏರ್ಪಾಡಿನಿಂದ ಹೊರಗಿಡಬಾರದೆಂಬುದೊಂದು ಮಾತು ಉಳಿದಿದೆ. ಹೊಸ ಶೆಡ್ಡು ಬಂದಿತೆಂದು ಕಬ್ಬಿಣ ರಟ್ಟುಗಳೆಲ್ಲ ಅಲ್ಲಿಗೇ ಬರಬೇಕೆಂದು ಪಂಚಾಯತಿಯು ಹಟ ಹಿಡಿದರೆ, ಓಣಿಯೋಣಿ ತಿರುಗುವ ಅವನ ಹೊಟ್ಟೆಯ ಮೇಲೆ ಹೊಡೆದಂತಾಗುವುದು. ಅವನೂ ಬರುವುದನ್ನು ಬಿಡುವನು. 2011ರಲ್ಲಿ ಬೆಂಗಳೂರಿನ ಪಾಲಿಕೆಯು ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟು ಅವರ ದುಡಿಮೆಯನ್ನು ಒಪ್ಪಿಕೊಂಡಂತೆ, ಇಲ್ಲಿಯೂ ಅವನಿಗೊಂದು ಚೀಟಿ ಇರಲಿ. ತೂಕದ ಸಾಮಾನು ಅವನಿಗೆ, ತೂಕವಿಲ್ಲದುದು ಸ್ವಚ್ಛ ವಾಹಿನಿಗೆ ಎಂದು ಹಂಚಿಕೆಯಾಗಲಿ. ಒಕ್ಕೂಟದ ಹೆಣ್ಣುಮಕ್ಕಳಿಗೆ ತೂಕವಿಲ್ಲದ ಕಸದಿಂದ ಸಂಬಳ ಹುಟ್ಟಲಾರದಾದುದರಿಂದ, ಆ ಸಂಬಳವನ್ನು ಮನೆಮನೆಯಿಂದ ತಿಂಗಳಿಗಿಷ್ಟೆಂದು ಕೂಡಿಸಬೇಕಾಗುವುದು. ಮಹಾನವಮಿಯ ಎರಡು ವಾರಗಳಲ್ಲಿ ವಾಹನವು ದಿನಕ್ಕೆರಡು ಸಲ ಓಡಬೇಕಾಗುವುದರಿಂದ ಆ ತಿಂಗಳು ಡೀಸೆಲ್ಲಿನ ಖರ್ಚೂ ಹೆಚ್ಚು. ಈ ಸಲದ ಗ್ರಾಮಸಭೆಯಲ್ಲಿ ಗಟಾರ, ರಸ್ತೆ, ಬೀದಿದೀಪಗಳ ಚರ್ಚೆಯ ನಡುವೆ ಈ ಎರಡು ಬಾಬುಗಳನ್ನೂ ಎತ್ತತಕ್ಕದ್ದು.